ಓದುಗರ ಪ್ರಶ್ನೆ: ತೋಟಾ ಯಾವುದು, ಗುಂಡು ಯಾವುದು, ಶೆಲ್ ಯಾವುದು?

ಸೇನೆಯ ಆಯುಧಗಳನ್ನು ಕುರಿತು ಬಂದ ಪತ್ರಗಳು ಈ ಬಾರಿ ಹೆಚ್ಚಾಗಿದ್ದುದರಿಂದ ಬೇರೆ ವಿಷಯಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಕಾಯ್ದಿರಿಸಿ, ಅಂಕಣವನ್ನು ಇದೊಂದಕ್ಕೇ ಮೀಸಲಿಟ್ಟಿದ್ದೇವೆ. ಪತ್ರ ಬರೆದವರ ಹೆಸರಿಗೆ ಬದಲಾಗಿ ಊರನ್ನು ಮಾತ್ರ ಕೊಟ್ಟಿದೆ.

ಪ್ರಶ್ನೆ: ರೈಫಲ್ಲಿನಿಂದ ಹೊರಟದ್ದನ್ನೂ ಗುಂಡು ಎನ್ನುತ್ತಾರೆ, ಗಡಿಯಲ್ಲಿ ಫಿರಂಗಿಯಿಂದ ಬಂದು ಮನೆ ಉರುಳಿಸಿದ್ದನ್ನೂ ಗುಂಡು ಎನ್ನುತ್ತಾರೆ, ಆರೋಪಿಯ ಬಳಿ ವಶಪಡಿಸಿಕೊಂಡದ್ದನ್ನೂ ಗುಂಡು ಎಂದೇ ಪತ್ರಿಕೆಗಳು ಬರೆಯುತ್ತವೆ. ಇವೆಲ್ಲ ಒಂದೇ ವಸ್ತುವೇ? (ಅಥಣಿ)

ಉತ್ತರ: ಅಲ್ಲ. ಕನ್ನಡದಲ್ಲಿ ಇವುಗಳಿಗೆ ಬೇರೆ ಬೇರೆ ಪದಗಳು ಹಿಂದಿನಿಂದಲೂ ಇವೆ. ಅವಸರದ ಬರವಣಿಗೆಯಲ್ಲಿ ಎಲ್ಲವೂ ‘ಗುಂಡು’ ಎಂಬ ಒಂದೇ ಪದದೊಳಗೆ ಸೇರಿಹೋಗಿವೆ. ಮಲೆನಾಡಿನ ಮತ್ತು ಕೊಡಗಿನ ಹಿರಿಯರು ಇಂದಿಗೂ ತೋಟಾ, ಗುಂಡು, ಚರೆ, ಮದ್ದು, ಕೇಪು ಎಂದು ಬಿಡಿಬಿಡಿಯಾಗಿ ಹೇಳುತ್ತಾರೆ, ಮತ್ತು ಹಾಗೆ ಹೇಳುವುದೇ ಸರಿ.

ರೈಫಲ್ಲಿಗೆ ತುಂಬುವ ವಸ್ತುವಿನ ಹೆಸರು ತೋಟಾ. ಅದರಲ್ಲಿ ನಾಲ್ಕು ಭಾಗಗಳಿರುತ್ತವೆ. ಹೊರಗಿನಿಂದ ಕಾಣುವ ಹಿತ್ತಾಳೆಯ ಕೊಳವೆ ಒಂದು. ಅದರ ಬುಡದ ನಡುವೆ ಕೂರಿಸಿದ, ಪೆಟ್ಟು ಬಿದ್ದರೆ ಕಿಡಿ ಕಾರುವ ಪುಟ್ಟ ಕೇಪು ಇನ್ನೊಂದು. ಕೊಳವೆಯೊಳಗೆ ತುಂಬಿದ ಮದ್ದು ಮೂರನೆಯದು. ಕೊಳವೆಯ ಬಾಯಿಗೆ ಬಿಗಿಯಾಗಿ ಸಿಕ್ಕಿಸಿದ ಚೂಪು ಮೂತಿಯ ಲೋಹದ ತುಂಡು ನಾಲ್ಕನೆಯದು. ಆ ನಾಲ್ಕನೆಯದು ಮಾತ್ರವೇ ಗುಂಡು. ಕುದುರೆಯನ್ನು, ಅಂದರೆ ಟ್ರಿಗರನ್ನು, ಎಳೆದಾಗ ಕೋವಿಯೊಳಗಿನ ಸೂಜಿಯು ಕೇಪಿಗೆ ಬಡಿಯುತ್ತದೆ, ಕೇಪಿನ ಕಿಡಿ ಮದ್ದಿಗೆ ತಾಗುತ್ತದೆ, ಮದ್ದು ಉರಿದು ಅನಿಲವಾಗುತ್ತದೆ, ಆ ಅನಿಲದ ಒತ್ತಡವು ಗುಂಡನ್ನು ನಳಿಗೆಯ ಉದ್ದಕ್ಕೂ ತಳ್ಳಿ ಹೊರಗೆ ಕಳುಹಿಸುತ್ತದೆ. ಹಿತ್ತಾಳೆಯ ಕೊಳವೆಯು ಮುಂದಕ್ಕೆ ಹೋಗದೆ ಪಕ್ಕಕ್ಕೆ ಚಿಮ್ಮಿ ಬೀಳುತ್ತದೆ. ಗುಂಡಿನ ಚಕಮಕಿ ನಡೆದ ಜಾಗದಲ್ಲಿ ಪೊಲೀಸರು ಆರಿಸಿ ತರುವುದು ಬಹುಮಟ್ಟಿಗೆ ಈ ಖಾಲಿ ತೋಟಾಗಳನ್ನೇ. ಆದ್ದರಿಂದ ‘ಸ್ಥಳದಲ್ಲಿ ಹತ್ತು ಗುಂಡುಗಳು ಪತ್ತೆ’ ಎಂಬ ಸುದ್ದಿಯನ್ನು ಓದಿದಾಗ ಅವು ಹಾರದೆ ಉಳಿದ ಜೀವಂತ ತೋಟಾಗಳೋ, ಹಾರಿದ ಮೇಲೆ ಉಳಿದ ಕೊಳವೆಗಳೋ, ಗೋಡೆಯಿಂದ ಕಿತ್ತ ಸೀಸದ ತುಂಡುಗಳೋ ಎಂಬುದು ತಿಳಿಯುವುದೇ ಇಲ್ಲ. ನ್ಯಾಯಾಲಯದ ದೃಷ್ಟಿಯಲ್ಲಿ ಈ ಮೂರೂ ಮೂರು ಬಗೆಯ ಸಾಕ್ಷ್ಯಗಳು. ಇದು ಬರಿಯ ಪದಶುದ್ಧಿಯ ಹಟ ಅಲ್ಲವೆಂಬುದಕ್ಕೆ ಅಷ್ಟು ಸಾಕು.

ಫಿರಂಗಿಯಿಂದ ಹೊರಡುವುದಕ್ಕೆ ಶೆಲ್ ಎಂದು ಹೆಸರು. ರೈಫಲ್ಲಿನ ಗುಂಡು ಗಟ್ಟಿಯಾದ ಲೋಹ. ತನ್ನ ವೇಗದಿಂದಲೇ ಅದು ಗಾಯ ಮಾಡುತ್ತದೆ. ಶೆಲ್ ಒಳಗೆ ಟೊಳ್ಳು. ಆ ಟೊಳ್ಳಿನಲ್ಲಿ ಸ್ಫೋಟಕವಿರುತ್ತದೆ. ಅದು ಸಿಡಿದಾಗ ಉಕ್ಕಿನ ಗೋಡೆಯು ಚೂರುಚೂರಾಗಿ ಎಲ್ಲ ದಿಕ್ಕಿಗೂ ಹಾರುತ್ತದೆ. ಗುರಿಯಿಂದ ಹತ್ತಿಪ್ಪತ್ತು ಮೀಟರ್ ಆಚೆ ಬಿದ್ದರೂ ಶೆಲ್ ತನ್ನ ಕೆಲಸ ಮಾಡುವುದು ಈ ಕಾರಣದಿಂದ. ಕಾಲಾಳುಗಳು ಹೊತ್ತೊಯ್ಯುವ ಮೋರ್ಟಾರಿನ ಬಾಂಬು ಕೂಡ ಇದೇ ಕುಲದ್ದು. ಬಾಲಕ್ಕೆ ರೆಕ್ಕೆಗಳಿರುವ ಅದನ್ನು ಸಾಮಾನ್ಯವಾಗಿ ಕೊಳವೆಯ ಬಾಯಿಂದಲೇ ಒಳಕ್ಕೆ ಜಾರಿಸುತ್ತಾರೆ.

ಪ್ರಶ್ನೆ: ನಮ್ಮ ಮನೆಯ ಕೋವಿ 12 ಬೋರ್. ಸೈನ್ಯದಲ್ಲಿರುವ ಚಿಕ್ಕಪ್ಪನ ರೈಫಲ್ 7.62 ಎಂದು ಕೇಳಿದ್ದೇನೆ. ಹನ್ನೆರಡು ದೊಡ್ಡದೋ, ಏಳೂವರೆ ದೊಡ್ಡದೋ? ಎಲ್ಲ 7.62 ತೋಟಾಗಳೂ ಒಂದೇ ಏನು? (ವಿರಾಜಪೇಟೆ)

ಉತ್ತರ: ಎರಡೂ ಅಂಕಿಗಳು ನಳಿಗೆಯ ಒಳ ಅಗಲವನ್ನೇ ಹೇಳುತ್ತವೆ, ಆದರೆ ಅಳೆಯುವ ಕ್ರಮ ಬೇರೆ. ಹಿಂದಿನ ಕಾಲದಲ್ಲಿ ಒಂದು ಪೌಂಡ್ ಸೀಸವನ್ನು ಕರಗಿಸಿ ಸಮನಾದ ಹನ್ನೆರಡು ಉಂಡೆಗಳನ್ನು ಎರೆದರೆ, ಅಂಥ ಒಂದು ಉಂಡೆ ಸರಿಯಾಗಿ ಹಿಡಿಸುವ ನಳಿಗೆಯನ್ನು 12 ಬೋರ್ ಎಂದರು. ಲೆಕ್ಕ ಹಾಕಿದರೆ ಪ್ರತಿಯೊಂದು ಉಂಡೆಯ ತೂಕ ಸುಮಾರು 38 ಗ್ರಾಂ, ಅಗಲ 18.5 ಮಿಲಿಮೀಟರ್. ಹದಿನಾರು ಉಂಡೆ ಎರೆದರೆ ಒಂದೊಂದೂ ಸಣ್ಣದಾಗುವುದರಿಂದ 16 ಬೋರಿನ ನಳಿಗೆ 12 ಬೋರಿಗಿಂತ ಸಣ್ಣದು. ಚಿಕ್ಕಪ್ಪನವರ ರೈಫಲ್ಲಿನ ಅಂಕಿಯಾದರೋ ನೇರವಾಗಿ ಮಿಲಿಮೀಟರಿನ ಲೆಕ್ಕ. ಆದ್ದರಿಂದ ಕೈಲ್ ಮುಹೂರ್ತದ ದಿನ ನೀವು ಹೂವಿಟ್ಟು ಪೂಜಿಸುವ ಕೋವಿಯ ನಳಿಗೆಯು ಚಿಕ್ಕಪ್ಪನವರ ರೈಫಲ್ಲಿನ ನಳಿಗೆಗಿಂತ ಎರಡು ಪಟ್ಟಿಗೂ ಹೆಚ್ಚು ಅಗಲವಾಗಿದೆ. ನಿಮ್ಮದರ ಒಳಗೋಡೆ ನುಣುಪು. ಅದರಿಂದ ಚರೆಗಳೆಂಬ ಸಣ್ಣ ಲೋಹದ ಕಾಳುಗಳ ಗೊಂಚಲು ಹರಡಿಕೊಂಡು ಹೋಗುತ್ತದೆ. ರೈಫಲ್ಲಿನ ಒಳಗೋಡೆಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳಿವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ, ತಿರುಗುವ ಗುಂಡು ತಲೆಕೆಳಗಾಗದೆ ನೇರವಾಗಿ ದೂರ ಹೋಗುತ್ತದೆ. ರೈಫಲ್ ಎಂಬ ಹೆಸರು ಬಂದಿರುವುದೇ ಆ ಗೀರುಗಳಿಂದ.

ನಿಮ್ಮ ಎರಡನೆಯ ಪ್ರಶ್ನೆ ಇನ್ನೂ ಮುಖ್ಯವಾದದ್ದು. ಭಾರತೀಯ ಸೇನೆಯಲ್ಲಿ 7.62 ಎಂಬ ಹೆಸರಿನ ಮೂರು ತೋಟಾಗಳು ಬಳಕೆಯಲ್ಲಿವೆ, ಮತ್ತು ಒಂದು ಇನ್ನೊಂದರ ಜಾಗದಲ್ಲಿ ಕೂರುವುದಿಲ್ಲ. ಮೂರನ್ನೂ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮೊದಲನೆಯದು ಹಳೆಯ ಎಸ್‌ಎಲ್‌ಆರ್ ರೈಫಲ್ಲಿನದು, ಈಗ ಸಿಗ್ 716 ರೈಫಲ್ಲಿನದೂ ಹೌದು; ಕೊಳವೆಯ ಉದ್ದ 51 ಮಿಲಿಮೀಟರ್, ಗುಂಡು ಸೇರಿದರೆ 71. ಎರಡನೆಯದು ಎಕೆ ಬಂದೂಕುಗಳದ್ದು. ಕೊಳವೆ 39, ಗುಂಡು ಸೇರಿ 56. ಕುಳ್ಳಗೆ, ಬುಡದಿಂದ ಬಾಯಿಯ ಕಡೆಗೆ ಚೆನ್ನಾಗಿ ಓರೆಯಾಗಿರುತ್ತದೆ, ಎಕೆಯ ಮ್ಯಾಗಜೀನ್ (ತೋಟಾಗಳನ್ನು ತುಂಬಿಡುವ ಪೆಟ್ಟಿಗೆ) ಬಾಳೆಕಾಯಿಯಂತೆ ಬಾಗಿರುವುದು ಈ ಓರೆಯಿಂದಾಗಿ. ಮೂರನೆಯದು ದ್ರಾಗುನೋವ್ ಸ್ನೈಪರ್ ರೈಫಲ್ಲಿನದು. ಕೊಳವೆ 54, ಒಟ್ಟು 77, ಬುಡದಲ್ಲಿ ಹೊರಚಾಚಿದ ಅಂಚು ಇರುತ್ತದೆ. ಇವುಗಳ ಗುಂಡಿನ ಅಗಲ ಕೂಡ ಕೂದಲೆಳೆಯಷ್ಟು ಬೇರೆಯೇ. ಬಲ್ಲವರು ‘7.62 ಇಂಟು 39’ ಎಂದು ಎರಡು ಅಂಕಿಗಳನ್ನೂ ಸೇರಿಸಿ ಹೇಳುವುದು ಈ ಕಾರಣಕ್ಕೆ. ಎರಡನೆಯ ಅಂಕಿಯನ್ನು ಬಿಟ್ಟರೆ ಅದು ಬೀದಿಯ ಹೆಸರು ಬರೆದು ಮನೆಯ ನಂಬರನ್ನು ಬಿಟ್ಟ ವಿಳಾಸ.

1990ರ ದಶಕದಲ್ಲಿ ಎಸ್‌ಎಲ್‌ಆರ್ ಬದಲು ಇನ್ಸಾಸ್ ರೈಫಲ್ ಬಂದಾಗ ಸೇನೆಯು 5.56 ಇಂಟು 45 ತೋಟಾಕ್ಕೆ ಇಳಿಯಿತು. ಅದಕ್ಕೆ ದೊಡ್ಡ ಕಾರಣ ತೂಕ. ಹಳೆಯ ತೋಟಾ ಒಂದಕ್ಕೆ ಸುಮಾರು 24 ಗ್ರಾಂ, ಹೊಸದಕ್ಕೆ ಸುಮಾರು 12. ನೂರು ತೋಟಾ ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತುವವನಿಗೆ ಒಂದು ಕಿಲೋಗಿಂತ ಹೆಚ್ಚು ಉಳಿತಾಯ. ಈಗ ಉತ್ತರ ಪ್ರದೇಶದ ಕೊರ್ವಾದಲ್ಲಿ ತಯಾರಾಗುತ್ತಿರುವ ಎಕೆ-203 ರೈಫಲ್ಲಿನೊಂದಿಗೆ ಸೇನೆಯು 7.62 ಇಂಟು 39ರ ಕಡೆಗೆ ಮತ್ತೆ ಹೊರಳಿದೆ, ಏಕೆಂದರೆ ಹಗುರ ಗುಂಡಿನ ಪೆಟ್ಟು ಸಾಲದು ಎಂಬ ದೂರು ಬಹಳ ಕಾಲದಿಂದ ಇತ್ತು. ಹೆಚ್ಚು ತೋಟಾ ಬೇಕೋ, ಹೆಚ್ಚು ಪೆಟ್ಟು ಬೇಕೋ ಎಂಬ ಈ ಎಳೆದಾಟ ಎಲ್ಲ ದೇಶದ ಸೇನೆಗಳಲ್ಲಿಯೂ ನಡೆಯುತ್ತಲೇ ಇದೆ.

ಪ್ರಶ್ನೆ: ನನ್ನ ತಮ್ಮ ಆರ್ಟಿಲರಿಯಲ್ಲಿದ್ದಾನೆ. ರಜೆಗೆ ಬಂದಾಗ ‘ನಮ್ಮದು 155, 52 ಕ್ಯಾಲಿಬರ್ ತೋಪು, ಅಕ್ಕ’ ಎಂದ. 155 ಅಗಲ ಎಂದು ತಿಳಿಯಿತು, 52 ಏನೆಂದು ಕೇಳಿದರೆ ನಕ್ಕು ಸುಮ್ಮನಾದ. (ಗದಗ)

ಉತ್ತರ: ನಿಮ್ಮ ತಮ್ಮನವರು ಹೇಳಿದ 52 ನಳಿಗೆಯ ಉದ್ದದ ಅಳತೆ. ನಳಿಗೆಯ ಅಗಲ 155 ಮಿಲಿಮೀಟರ್. ಅದರ 52 ಪಟ್ಟು ಉದ್ದ ಎಂದರೆ ಸುಮಾರು ಎಂಟು ಮೀಟರ್. ಗುಜರಾತಿನ ಹಜೀರಾದಲ್ಲಿ ಜೋಡಿಸಲಾಗುವ ಕೆ-9 ವಜ್ರ ತೋಪಿನದು ಈ ಅಳತೆ. 1986ರಲ್ಲಿ ಸ್ವೀಡನ್ನಿನಿಂದ ಕೊಂಡ ಬೊಫೋರ್ಸ್ 39 ಕ್ಯಾಲಿಬರಿನದು, ನಳಿಗೆ ಆರು ಮೀಟರ್. ಅದನ್ನೇ ಆಧಾರವಾಗಿಟ್ಟುಕೊಂಡು ಇಲ್ಲಿ ಬೆಳೆಸಿದ ಧನುಷ್ 45 ಕ್ಯಾಲಿಬರ್, ಸುಮಾರು ಏಳು ಮೀಟರ್. ನಳಿಗೆ ಉದ್ದವಾದಷ್ಟೂ ಉರಿಯುವ ಮದ್ದಿನ ಅನಿಲವು ಶೆಲ್ಲನ್ನು ಹೆಚ್ಚು ಹೊತ್ತು ತಳ್ಳುತ್ತದೆ, ಅದು ಹೆಚ್ಚು ವೇಗದಿಂದ ಹೊರಬೀಳುತ್ತದೆ, ಹೆಚ್ಚು ದೂರ ಹೋಗುತ್ತದೆ. ಅದಕ್ಕೆ ತಕ್ಕಂತೆ ತೋಪಿನ ಭಾರವೂ ಏರುತ್ತದೆ. ಹೆಲಿಕಾಪ್ಟರಿಗೆ ತೂಗುಹಾಕಿ ಬೆಟ್ಟದ ಮೇಲೆ ಇಳಿಸಬೇಕಾದ ಎಂ-777 ತೋಪು ಇಂದಿಗೂ 39 ಕ್ಯಾಲಿಬರಿನಲ್ಲಿಯೇ ಉಳಿದಿದೆ. ಅದರ ಒಟ್ಟು ತೂಕ ನಾಲ್ಕು ಟನ್ನಿಗಿಂತ ಸ್ವಲ್ಪವೇ ಹೆಚ್ಚು.

ಈ ಎಲ್ಲ ತೋಪುಗಳ ಅಗಲ ಒಂದೇ ಆಗಿರುವುದು ಆಕಸ್ಮಿಕವಲ್ಲ. ಒಂದೇ ಅಗಲವಿದ್ದರೆ ಶೆಲ್ಲುಗಳನ್ನು ಎಲ್ಲ ತೋಪುಗಳಿಗೂ ಹಂಚಬಹುದು, ಉಗ್ರಾಣದ ಲೆಕ್ಕ ಸುಲಭವಾಗುತ್ತದೆ. ತೋಪು ಕೆಲವು ದಶಕ ಉಳಿಯುತ್ತದೆ, ಶೆಲ್ ಒಮ್ಮೆ ಹಾರಿದರೆ ಮುಗಿಯಿತು. ಯುದ್ಧ ಎಳೆದಷ್ಟೂ ಚಿಂತೆಯೆಲ್ಲ ಶೆಲ್ಲಿನದೇ. ಒಂದು 155 ಶೆಲ್ ಸುಮಾರು 45 ಕಿಲೋ ತೂಗುತ್ತದೆ, ಅಂದರೆ ದೊಡ್ಡ ಅಕ್ಕಿ ಮೂಟೆಗಿಂತ ತುಸು ಕಡಿಮೆ. ಸಾಮಾನ್ಯ ಶೆಲ್ಲಿನಲ್ಲಿ ಸ್ಫೋಟಕ ಇರುವುದು ಆರೇಳು ಕಿಲೋ ಮಾತ್ರ, ಉಳಿದದ್ದೆಲ್ಲ ಉಕ್ಕು. ರೈಫಲ್ಲಿನ ತೋಟಾದಂತೆ ಇಲ್ಲಿ ಎಲ್ಲವೂ ಒಂದೇ ಕೊಳವೆಯೊಳಗೆ ಕೂಡಿಕೊಂಡಿರುವುದಿಲ್ಲ; ಮೊದಲು ಶೆಲ್, ಅದರ ಹಿಂದೆ ದೂರಕ್ಕೆ ತಕ್ಕಷ್ಟು ಮದ್ದಿನ ಚೀಲಗಳನ್ನೋ ತುಂಡುಗಳನ್ನೋ ಬೇರೆಯಾಗಿ ಇಡುತ್ತಾರೆ.

ಶೆಲ್ಲಿನ ಮೂತಿಯಲ್ಲಿ ತಿರುಪು ಹಾಕಿ ಕೂರಿಸುವ ಫ್ಯೂಜ್ ಎಂಬ ಸಣ್ಣ ವಸ್ತುವನ್ನು ಕುರಿತು ಎರಡು ಮಾತು ಹೇಳದಿದ್ದರೆ ಉತ್ತರ ಅರ್ಧವಾಗುತ್ತದೆ. ಎಲ್ಲಿ, ಯಾವಾಗ ಸಿಡಿಯಬೇಕೆಂದು ನಿರ್ಧರಿಸುವುದು ಅದೇ. ನೆಲಕ್ಕೆ ತಾಗಿದೊಡನೆ ಸಿಡಿಸುವುದು ಒಂದು ಬಗೆ. ತಾಗಿ, ಛಾವಣಿಯನ್ನು ಕೊರೆದು ಒಳಹೊಕ್ಕ ಮೇಲೆ ಸಿಡಿಸುವುದು ಇನ್ನೊಂದು. ಇಂತಿಷ್ಟು ಸೆಕೆಂಡಿನ ಬಳಿಕ ಸಿಡಿಸುವುದು ಮತ್ತೊಂದು. ರೇಡಿಯೋ ಅಲೆಯಿಂದ ನೆಲದ ದೂರವನ್ನು ತಾನೇ ಅಳೆದು, ಕೆಲವು ಮೀಟರ್ ಎತ್ತರದಲ್ಲಿ ಸಿಡಿಸುವುದು ಎಲ್ಲಕ್ಕಿಂತ ಭೀಕರವಾದದ್ದು, ಏಕೆಂದರೆ ಆಗ ಕಂದಕದಲ್ಲಿ ಅಡಗಿದವನಿಗೂ ರಕ್ಷಣೆಯಿಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಬಿಇಎಲ್ ಸಂಸ್ಥೆಯ ಪುಣೆ ಘಟಕದೊಂದಿಗೆ ರಕ್ಷಣಾ ಸಚಿವಾಲಯವು 2023ರ ಡಿಸೆಂಬರಿನಲ್ಲಿ ಹತ್ತು ವರ್ಷಗಳ ಎಲೆಕ್ಟ್ರಾನಿಕ್ ಫ್ಯೂಜ್ ಪೂರೈಕೆಗೆ ಒಪ್ಪಂದ ಮಾಡಿಕೊಂಡಿತು. ಮೊತ್ತ 5,336 ಕೋಟಿ ರೂಪಾಯಿ. ಅಂಗೈಯಲ್ಲಿ ಹಿಡಿಸುವ ವಸ್ತುವಿಗೆ ಇಷ್ಟು ಹಣವೇ ಎಂದು ಕೇಳುವವರಿಗೆ, ಅದಿಲ್ಲದ ಶೆಲ್ ಬರಿಯ ಕಬ್ಬಿಣದ ಗುಂಡುಕಲ್ಲು ಎಂಬುದನ್ನು ನೆನಪಿಸಬೇಕಾಗುತ್ತದೆ.

1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್ ಕಣಿವೆಯಲ್ಲಿ ಬೊಫೋರ್ಸ್ ತೋಪುಗಳು ತಮ್ಮ ಸಾಮಾನ್ಯ ದೂರವನ್ನು ಮೀರಿ ಹೊಡೆದವು ಎಂಬ ಮಾತನ್ನು ತಮ್ಮನವರು ಹೇಳಿರಬಹುದು. ಅದು ನಿಜ. ದ್ರಾಸ್ ಮೂರು ಸಾವಿರ ಮೀಟರಿಗಿಂತ ಎತ್ತರದಲ್ಲಿದೆ, ಅಲ್ಲಿ ಗಾಳಿ ತೆಳು, ಶೆಲ್ಲಿಗೆ ತಡೆ ಕಡಿಮೆ. ಬಯಲುಸೀಮೆಯ ಲೆಕ್ಕದ ಕೋಷ್ಟಕಗಳನ್ನು ಅಲ್ಲಿ ತಿದ್ದಿಕೊಳ್ಳದೆ ಗುರಿಯಿಡುವಂತಿರಲಿಲ್ಲ.

ಪ್ರಶ್ನೆ: ಗೀರು ಕೊರೆದ ನಳಿಗೆಯೇ ಉತ್ತಮವೆಂದಾದರೆ, ಟಿ-90 ಟ್ಯಾಂಕಿನ ತೋಪಿನ ಒಳಗೋಡೆ ನುಣುಪಾಗಿರುವುದೇಕೆ? (ಮೈಸೂರು)

ಉತ್ತರ: ಅದು ಹೊಡೆಯಬೇಕಾದ ಮುಖ್ಯ ಗುಂಡು ತಿರುಗಬಾರದು ಎಂಬುದಕ್ಕಾಗಿ. ಇನ್ನೊಂದು ಟ್ಯಾಂಕಿನ ಉಕ್ಕಿನ ಕವಚವನ್ನು ತೂರಲು ಇಂದು ಬಳಸುವುದು ಸ್ಫೋಟಕವಿಲ್ಲದ, ಉದ್ದನೆಯ, ತೆಳ್ಳಗಿನ ಭಾರಲೋಹದ ಸರಳು. 125 ಮಿಲಿಮೀಟರ್ ನಳಿಗೆಯಲ್ಲಿ ಅದು ಸಡಿಲವಾಗದಂತೆ ಸುತ್ತಲೂ ಹಗುರ ಲೋಹದ ಹಿಡಿಕೆಗಳಿರುತ್ತವೆ; ನಳಿಗೆಯಿಂದ ಹೊರಬಿದ್ದೊಡನೆ ಹಿಡಿಕೆಗಳು ಸಿಪ್ಪೆಯಂತೆ ಕಳಚಿ ಬಿದ್ದು ಸರಳೊಂದೇ ಬಾಣದಂತೆ ಮುಂದೆ ಸಾಗುತ್ತದೆ. ಇಷ್ಟು ಉದ್ದದ ಸರಳನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ ಇಡಲಾಗದು. ಬಾಣಕ್ಕೆ ಗರಿಯಿರುವಂತೆ ಇದರ ಬಾಲಕ್ಕೆ ರೆಕ್ಕೆಗಳಿವೆ. ನಮ್ಮದೇ ಅರ್ಜುನ್ ಟ್ಯಾಂಕಿನ 120 ಮಿಲಿಮೀಟರ್ ತೋಪಿನಲ್ಲಿ ಮಾತ್ರ ಗೀರುಗಳಿವೆ. ಗುರಿಗೆ ಬಡಿದು ಮುದ್ದೆಯಂತೆ ಹರಡಿ, ಬಳಿಕ ಸಿಡಿದು ಗೋಡೆಯ ಒಳಮೈಯನ್ನು ಚಕ್ಕೆಯೆಬ್ಬಿಸುವ ಹೆಶ್ ಎಂಬ ಬಗೆಯ ಶೆಲ್ಲಿಗೆ ಗೀರುಳ್ಳ ನಳಿಗೆಯೇ ಅನುಕೂಲ. ಕಟ್ಟಡಗಳನ್ನು, ಬಂಕರುಗಳನ್ನು ಒಡೆಯಲು ಅದು ಒಳ್ಳೆಯ ಸಾಧನ.

ಪ್ರಶ್ನೆ: ನಮ್ಮೂರಿನ ಮಲಿಕ್-ಎ-ಮೈದಾನ್ ತೋಪು ಈ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತದೆ? (ವಿಜಯಪುರ)

ಉತ್ತರ: ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಅಹಮದನಗರದಲ್ಲಿ 1549ರಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ತುರ್ಕಿ ಕುಶಲಕರ್ಮಿ ಎರಕ ಹೊಯ್ದ ಈ ಕಂಚಿನ ತೋಪಿನ ಉದ್ದ ನಾಲ್ಕೂವರೆ ಮೀಟರಿಗೆ ಸಮೀಪ, ಬಾಯಿಯ ಒಳ ಅಗಲ ಸುಮಾರು 70 ಸೆಂಟಿಮೀಟರ್, ತೂಕ ಸುಮಾರು 55 ಟನ್ ಎನ್ನುತ್ತಾರೆ. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ ಅದು 700 ಮಿಲಿಮೀಟರ್, ಆರು ಕ್ಯಾಲಿಬರಿನ ತೋಪು. ಗದಗಿನ ಓದುಗರ ತಮ್ಮನ ತೋಪು 155, 52 ಕ್ಯಾಲಿಬರ್. ಈ ಎರಡು ಜೋಡಿ ಅಂಕಿಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ ನಾಲ್ಕೂಮುಕ್ಕಾಲು ಶತಮಾನದಲ್ಲಿ ತೋಪಿನ ವಿದ್ಯೆ ಹೇಗೆ ಬದಲಾಯಿತೆಂಬುದು ತಿಳಿಯುತ್ತದೆ. ಬಾಯಿ ದೊಡ್ಡದು, ನಳಿಗೆ ಗಿಡ್ಡ. ಭಾರವಾದ ಗುಂಡನ್ನು ಹತ್ತಿರಕ್ಕೆ ಎಸೆಯಬಲ್ಲದು, ಅಷ್ಟೆ.

ಷೇರ್ಜಾ ಬುರುಜಿನ ಮೇಲೆ ನಿಂತು ನೋಡುವವರು ಅದರ ಬಾಯಿಯ ಸುತ್ತ ಕಡೆದ ಸಿಂಹದ ತಲೆಯನ್ನೂ, ಕೋರೆಗಳ ನಡುವೆ ಸಿಕ್ಕಿ ನಲುಗುತ್ತಿರುವ ಪುಟ್ಟ ಆನೆಯನ್ನೂ ತಪ್ಪದೆ ನೋಡಬೇಕು. 1565ರ ತಾಳಿಕೋಟೆಯ ಯುದ್ಧದಲ್ಲಿ ಇದರೊಳಗೆ ತಾಮ್ರದ ನಾಣ್ಯಗಳ ಚೀಲಗಳನ್ನು ತುಂಬಿ ಹಾರಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ಮದ್ದುಗುಂಡಿನ ದೃಷ್ಟಿಯಿಂದ ಅದರಲ್ಲಿ ಅರ್ಥವಿದೆ: ಮೇಲೇರಿ ಬರುವ ದಂಡಿಗೆ ಒಂದೇ ದೊಡ್ಡ ಗುಂಡಿಗಿಂತ ಸಾವಿರ ಸಣ್ಣ ಚೂರುಗಳು ಹೆಚ್ಚು ಹಾನಿ ಮಾಡುತ್ತವೆ. ವಿರಾಜಪೇಟೆಯ ಓದುಗರ ಮನೆಯ 12 ಬೋರ್ ಕೋವಿಯ ಚರೆಯ ತೋಟಾ ಮಾಡುವುದೂ ಅದೇ ಕೆಲಸವನ್ನು.

ಪ್ರಶ್ನೆ: ಬಿದನೂರಿನ ಬಾವಿಯಲ್ಲಿ ಸಿಕ್ಕವು ರಾಕೆಟ್ಟುಗಳೋ, ಕ್ಷಿಪಣಿಗಳೋ? ಬೇರೆ ಬೇರೆ ಪತ್ರಿಕೆಗಳು ಬೇರೆ ಬೇರೆಯಾಗಿ ಬರೆದಿದ್ದವು. (ಹೊಸನಗರ)

ಉತ್ತರ: ರಾಕೆಟ್ಟುಗಳು. ತನ್ನನ್ನು ತಳ್ಳುವ ಮದ್ದನ್ನು ತಾನೇ ಹೊತ್ತು ಹಾರುವುದು ರಾಕೆಟ್. ಹಾರುವಾಗ ದಾರಿ ತಿದ್ದಿಕೊಳ್ಳುವ ವ್ಯವಸ್ಥೆಯೂ ಇದ್ದರೆ ಅದನ್ನು ಕ್ಷಿಪಣಿ ಎನ್ನುವುದು ಇಂದಿನ ರೂಢಿ. 2018ರಲ್ಲಿ ನಿಮ್ಮ ತಾಲ್ಲೂಕಿನ ಬಿದನೂರಿನಲ್ಲಿ ಪಾಳುಬಾವಿಯ ಕೆಸರಿನಿಂದ ಮೇಲೆ ಬಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು, 23ರಿಂದ 26 ಸೆಂಟಿಮೀಟರ್ ಉದ್ದದವು, ಹೈದರ್ ಮತ್ತು ಟಿಪ್ಪುವಿನ ಕಾಲದ ಯುದ್ಧರಾಕೆಟ್ಟುಗಳು. ಆ ಕಾಲಕ್ಕೆ ಬೇರೆಡೆ ರಾಕೆಟ್ಟಿನ ಮದ್ದನ್ನು ಕಾಗದದಲ್ಲೋ ಬಿದಿರಿನಲ್ಲೋ ತುಂಬುತ್ತಿದ್ದರು. ಮೈಸೂರಿನವರು ಕಬ್ಬಿಣದ ಕೊಳವೆಗೆ ತುಂಬಿದರು. ಕೊಳವೆ ಒಡೆಯದೆ ಹೆಚ್ಚಿನ ಒತ್ತಡವನ್ನು ತಡೆದದ್ದರಿಂದ ರಾಕೆಟ್ ದೂರ ಹೋಯಿತು. ಅದಕ್ಕೆ ಉದ್ದ ಬಿದಿರಿನ ಕೋಲನ್ನು ಕಟ್ಟುತ್ತಿದ್ದರು. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಮದ್ದಿನ ಬಂಡಿಗಳು ಸಿಡಿದು ಇಂಗ್ಲಿಷರ ಪಡೆ ಸೋತಿತು. ಬಂಡಿಗೆ ಬೆಂಕಿ ಹತ್ತಿದ್ದು ರಾಕೆಟ್ಟಿನಿಂದಲೋ ತೋಪಿನ ಗುಂಡಿನಿಂದಲೋ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಶ್ರೀರಂಗಪಟ್ಟಣದ ಪತನದ ಬಳಿಕ ಇಂಗ್ಲೆಂಡಿಗೆ ಹೋದ ಮಾದರಿಗಳನ್ನು ನೋಡಿ ವಿಲಿಯಂ ಕಾಂಗ್ರೀವ್ ವುಲ್ವಿಚ್‌ನಲ್ಲಿ ತನ್ನ ರಾಕೆಟ್ಟುಗಳನ್ನು ರೂಪಿಸಿದನು.

ಇಂದಿನ ಪಿನಾಕ ಅದೇ ವಂಶದ್ದು. ಒಂದು ವಾಹನದಿಂದ 214 ಮಿಲಿಮೀಟರ್ ಅಗಲದ ಹನ್ನೆರಡು ರಾಕೆಟ್ಟುಗಳು 44 ಸೆಕೆಂಡಿನಲ್ಲಿ ಹೊರಡುತ್ತವೆ. ಅದರ ಹೊಸ ಮಾದರಿಗೆ ದಾರಿ ತಿದ್ದುವ ವ್ಯವಸ್ಥೆಯನ್ನು ಜೋಡಿಸಿರುವುದರಿಂದ ರಾಕೆಟ್, ಕ್ಷಿಪಣಿ ಎಂಬ ಭೇದ ಅಲ್ಲಿಗೆ ಬಂದಾಗ ಮಸುಕಾಗುತ್ತದೆ. ಬಿದನೂರಿನವುಗಳ ವಿಷಯದಲ್ಲಿ ಆ ಗೊಂದಲಕ್ಕೆ ಎಡೆಯೇ ಇಲ್ಲ.

ಪ್ರಶ್ನೆ: ದಮ್‌ದಮ್ ಗುಂಡಿಗೆ ನಿಷೇಧವಿದೆ ಎನ್ನುತ್ತಾರೆ. ಕೊಲ್ಲುವ ಗುಂಡಿನಲ್ಲಿಯೂ ನ್ಯಾಯ, ಅನ್ಯಾಯ ಉಂಟೆ? (ಧಾರವಾಡ)

ಉತ್ತರ: ಉಂಟು, ಮತ್ತು ಅದನ್ನು ನಾನು ಮನುಷ್ಯನ ದೊಡ್ಡತನವೆಂದೇ ಎಣಿಸುತ್ತೇನೆ. ಕಲ್ಕತ್ತೆಯ ಬಳಿಯ ದಮ್‌ದಮ್ ಕಾರ್ಖಾನೆಯಲ್ಲಿ 1890ರ ದಶಕದಲ್ಲಿ ತಯಾರಾದ ಈ ಗುಂಡು ಮೈಯನ್ನು ಹೊಕ್ಕೊಡನೆ ಅರಳಿ ದೊಡ್ಡ ಗಾಯ ಮಾಡುತ್ತಿತ್ತು. 1899ರ ಹೇಗ್ ಘೋಷಣೆಯು ಯುದ್ಧದಲ್ಲಿ ಅಂಥ ಗುಂಡುಗಳ ಬಳಕೆಯನ್ನು ನಿಷೇಧಿಸಿತು. ಅದಕ್ಕೂ ಮೊದಲು, 1868ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, 400 ಗ್ರಾಂಗಿಂತ ಕಡಿಮೆ ತೂಕದ ಸಿಡಿಯುವ ಗುಂಡುಗಳು ಬೇಡವೆಂದು ಹಲವು ದೇಶಗಳು ಒಪ್ಪಿದ್ದವು. ಯೋಧನನ್ನು ಹೋರಾಡದಂತೆ ಮಾಡಿದರೆ ಸಾಕು, ಅದಕ್ಕೂ ಮೀರಿದ ನೋವು ಅನಗತ್ಯ ಎಂಬುದೇ ಇದರ ಹಿಂದಿನ ವಿಚಾರ.

ಪ್ರಶ್ನೆ: ನಮ್ಮ ತಂದೆಯವರು 1965ರ ಯುದ್ಧದಲ್ಲಿದ್ದವರು, ಕಳೆದ ವರ್ಷ ತೀರಿಕೊಂಡರು. ಅವರ ಟ್ರಂಕಿನಲ್ಲಿ ಐದಾರು ತೋಟಾಗಳಿವೆ. ದೇವರ ಕೋಣೆಯ ಪಕ್ಕ ಅಮ್ಮ ಹೂದಾನಿ ಮಾಡಿಕೊಂಡಿರುವ ದೊಡ್ಡ ಹಿತ್ತಾಳೆಯ ಕೊಳವೆಯೂ ಇದೆ, ಬುಡದಲ್ಲಿ ‘25 ಪಿಆರ್’ ಎಂದಿದೆ. ಏನು ಮಾಡಬೇಕು? (ಹಾಸನ)

ಉತ್ತರ: ಮೊದಲು ತೋಟಾಗಳ ವಿಷಯ. ಮೂತಿಯಲ್ಲಿ ಗುಂಡು ಇದೆಯೆಂದಾದರೆ ಅವು ಎಷ್ಟೇ ಹಳೆಯವಾದರೂ ಜೀವಂತವೆಂದೇ ತಿಳಿಯಬೇಕು. ಬುಡದ ಕೇಪಿನಲ್ಲಿ ಸೂಜಿಯ ತಗ್ಗು ಬಿದ್ದಿದ್ದು, ಗುಂಡು ಮಾತ್ರ ಹಾಗೆಯೇ ಉಳಿದಿದ್ದರೆ ಅದು ಹಾರಲು ಹೋಗಿ ಹಾರದ ತೋಟಾ, ಅದರ ಬಗ್ಗೆ ಇನ್ನೂ ಎಚ್ಚರ ಬೇಕು. ಉಜ್ಜುವುದು, ಬಿಸಿಲಿಗಿಡುವುದು, ಗುಂಡನ್ನು ಕೀಳಲು ನೋಡುವುದು ಯಾವುದೂ ಬೇಡ. 1959ರ ಶಸ್ತ್ರಾಸ್ತ್ರ ಕಾಯಿದೆಯು ಕೋವಿಯಂತೆಯೇ ಮದ್ದುಗುಂಡಿಗೂ ಪರವಾನಗಿ ಬೇಕೆನ್ನುತ್ತದೆ. ಟ್ರಂಕನ್ನು ಇದ್ದಲ್ಲಿಯೇ ಬಿಟ್ಟು ನಿಮ್ಮ ಠಾಣೆಗೆ ಫೋನ್ ಮಾಡಿ, ತಂದೆಯವರ ಸೇವಾ ದಾಖಲೆಯ ಪ್ರತಿಯೊಂದನ್ನು ಕೈಯಲ್ಲಿಟ್ಟುಕೊಂಡು ಇದ್ದದ್ದನ್ನು ಇದ್ದಂತೆ ಹೇಳಿ, ಬರವಣಿಗೆಯಲ್ಲಿ ಸ್ವೀಕೃತಿ ಪಡೆಯಿರಿ. ಟ್ರಂಕಿನ ಅಡಿಯಲ್ಲಿ ಬಾಲವಿರುವ, ಪಿನ್ನಿರುವ, ಮೂತಿಗೆ ತಿರುಪು ಹಾಕಿದ ಯಾವುದೇ ವಸ್ತು ಕಂಡರೆ ಮುಟ್ಟದೆ, ಮನೆಯವರನ್ನೆಲ್ಲ ಹೊರಗೆ ಕಳುಹಿಸಿ, ಆ ಬಳಿಕ ಫೋನ್ ಮಾಡಿ.

ಹೂದಾನಿಯ ಮೇಲಿನ ಅಕ್ಷರಗಳಿಗೆ 25 ಪೌಂಡರ್ ಎಂದರ್ಥ. 25 ಪೌಂಡ್, ಅಂದರೆ 11 ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುವ ಶೆಲ್ಲನ್ನು ಹಾರಿಸುತ್ತಿದ್ದ ಬ್ರಿಟಿಷ್ ವಿನ್ಯಾಸದ ತೋಪಿಗೆ ಆ ಹೆಸರು. ಹಿಂದೆ ತೋಪುಗಳನ್ನು ಹೀಗೆ ಗುಂಡಿನ ತೂಕದಿಂದಲೇ ಕರೆಯುತ್ತಿದ್ದರು. 1965ರಲ್ಲಿ ನಮ್ಮ ಫಿರಂಗಿದಳದಲ್ಲಿ ಆ ತೋಪು ಬಳಕೆಯಲ್ಲಿತ್ತು. ನಿಮ್ಮಲ್ಲಿರುವುದು ಮದ್ದು ತುಂಬುತ್ತಿದ್ದ ಕೊಳವೆ, ಹಾರಿಹೋದ ಶೆಲ್ ಅಲ್ಲ. ಅದನ್ನು ಬೋರಲು ಮಾಡಿ ಬುಡದ ನಡುವಿನ ಕೇಪನ್ನು ನೋಡಿ. ಅಲ್ಲಿ ಸೂಜಿಯ ಗುರುತು ಆಳವಾಗಿ ಬಿದ್ದಿದ್ದು ಒಳಗೆ ಏನೂ ಉಳಿದಿಲ್ಲವೆಂದಾದರೆ ಅದು ಕೆಲಸ ಮುಗಿಸಿದ ಹಿತ್ತಾಳೆ. ಠಾಣೆಯವರು ಬಂದಾಗ ಅದನ್ನೂ ಒಮ್ಮೆ ತೋರಿಸಿ. ಅವರು ಖಾಲಿಯೆಂದು ಹೇಳಿದ ಮೇಲೆ ಅಮ್ಮನ ಹೂವು ಅದರಲ್ಲಿಯೇ ಇರಲಿ.